ಅನುಭವ ಪತ್ರ

ಕೋರ್ಟಿನ ಕಂಪೌಂಡಿಗೆ ಆನಿಸಿ ನನ್ನ ಮೇಜು.
ಮೇಲೆ ಹಳದಿ ತಾಡಪತ್ರಿ. ಟೈಪರೈಟರಿನ ಪಕ್ಕ
ಈಗ ಒಂದು ಪ್ರಿಂಟರೂ ಇದೆ.
ಬಾಡಿಗೆ ಕರಾರು, ಹೆಸರು ಬದಲಾವಣೆ, ಸೋಡಚೀಟಿ:
ಬೆಳಗಾವಿಯ ಅರ್ಧ ಜಗಳ
ನನ್ನ ಬೆರಳಿನ ಕೆಳಗೇ ಹಾದುಹೋಗಿದೆ.

ಶ್ರೇಣಿಕ ಹಂಜಿ ಬಂದದ್ದು ಒಂದು ಬುಧವಾರ,
ಉದ್ಯಮಬಾಗದಿಂದ, ಫೌಂಡ್ರಿಯ ಬೂಟಿನಲ್ಲೇ.
ಎಡ ಹುಬ್ಬಿನ ತುದಿ ಎಂದೋ ಸುಟ್ಟದ್ದು
ಮತ್ತೆ ಬಂದಿರಲಿಲ್ಲ.
ಪೋಲಂಡಿನ ಕಂಪನಿ ಒಪ್ಪಿದೆಯಂತೆ,
ಕೆಲಸದ ಪರವಾನಗಿಯೊಂದೇ ಬಾಕಿಯಂತೆ.
"ನನಗ ಕಸಬು ಬರತೈತಿ ಅಂತ ತೋರಿಸಬೇಕಂತ್ರಿ, ಅಕ್ಕಾರ,
ಕಾಗದದ ಮ್ಯಾಲೆ."

ಮೊದಲು ಹೆಸರು.
ಶಾಲೆಯಲ್ಲಿ ಶ್ರೇಣೀಕ, ಆಧಾರದಲ್ಲಿ ಶ್ರೆನಿಕ್,
ಪಾಸ್‌ಪೋರ್ಟಿನಲ್ಲಿ ಅಪ್ಪ ಅಜ್ಜ ಎಲ್ಲ ಸೇರಿ
ಒಂದೇ ಉಸಿರಿಗೆ ಮುಗಿಯದ ಮನುಷ್ಯ.
ಹುಟ್ಟಿದ್ದು ಜೂನ್ ಒಂದು.
ನಾನೂ ಜೂನ್ ಒಂದು. ನನ್ನ ಗಂಡನೂ ಜೂನ್ ಒಂದು.
ಮಾಸ್ತರರು ನಮ್ಮನ್ನೆಲ್ಲ
ಒಂದೇ ಮುಂಜಾನೆ ಹೆತ್ತಿದ್ದರು.
ಮೂವರೂ ಒಬ್ಬನೇ ಎಂದು
ಛಾಪಾ ಕಾಗದದ ಮೇಲೆ ಆಣೆ ಮಾಡಿಸಿದೆ.

ಆಮೇಲೆ ಅನುಭವ.
ಹನ್ನೊಂದು ವರ್ಷ ಒಂದೇ ಕಡೆ. ಅದು ಮುಚ್ಚಿದೆ.
ಮಾಲೀಕರು ತೀರಿಕೊಂಡಿದ್ದಾರೆ.
ಕುಲುಮೆ ಇದ್ದಲ್ಲಿ ಈಗ ಮಂಗಲ ಕಾರ್ಯಾಲಯ.
"ಹ್ವಾದ ವರ್ಷ ಅಲ್ಲೇ ಉಂಡು ಬಂದ್ನಿರಿ.
ಎಲಿ ಹಾಕಿದ್ದು ಬರೋಬ್ಬರಿ ನಾ ಅಚ್ಚು ಬಡೀತಿದ್ದ ಜಾಗಾದಾಗ."
ಪಿ.ಎಫ್. ಎರಡೇ ವರ್ಷ.
ಉಳಿದ ಒಂಬತ್ತು, ಚೀಟಿಯ ಮೇಲಿನ ಪಗಾರ.

ಏನೂ ಉಳಿದಿಲ್ಲವೇನು, ಕೇಳಿದೆ.
ಸುಮ್ಮನೆ ನನ್ನ ಮೇಜಿನಿಂದ ಒಂದು ಹಾಳೆ, ಪೆನ್ಸಿಲ್
ಎತ್ತಿಕೊಂಡು ರಸ್ತೆ ದಾಟಿದ.
ತಿರುವಿನ ಗಟಾರದ ಮುಚ್ಚಳದ ಮುಂದೆ ಮೊಣಕಾಲೂರಿದ.
ಒಬ್ಬ ಬೈಕಿನವನು ಮರಾಠಿಯಲ್ಲಿ ಬೈದ,
ಹಿಂದಿನವನು ಕನ್ನಡದಲ್ಲಿ.
ಹಾಳೆ ಹಾಸಿ, ಸೀಸ ಅಡ್ಡಡ್ಡ ಉಜ್ಜಿ ತಂದ.
ಬೂದು ಬಣ್ಣದೊಳಗಿಂದ ಕಪ್ಪಗೆ ಎದ್ದಿತ್ತು:
ಸುಪಾರ್ಶ್ವ ಕಾಸ್ಟಿಂಗ್ಸ್, ಬೆಳಗಾಂವ.
"ಇದೂ ಲೆಟರ್‌ಹೆಡ್ಡ ಅಲ್ಲೇನ್ರಿ?"

ಫೋಟೊ ತೆಗೆದು ಏಜೆಂಟನಿಗೆ ಕಳಿಸಿದೆ.
ಪಟ್ಟಿಯಲ್ಲಿ ಇಲ್ಲದ ದಾಖಲೆ, ಉತ್ತರ ಬಂತು.

ಕಡೆಗೆ ಶಹಾಪುರದಲ್ಲಿ ಮಾಲೀಕರ ಸೊಸೆ ಸಿಕ್ಕಳು.
ಹಳೆಯ ಪ್ಯಾಡಿನ ಬೆನ್ನಿಗೆ ಹಾಲಿನ ಲೆಕ್ಕ ಬರೆಯುತ್ತಿದ್ದಳು;
ಎರಡು ಹಾಳೆ ಉಳಿದಿದ್ದವು.
ತೆರಿಗೆಗೆಂದು ಅವಳನ್ನು ಪಾಲುದಾರಳು ಮಾಡಿದ್ದರಂತೆ,
ಆ ಸಹಿ ಮೊದಲ ಸಲ ಯಾರಿಗೋ ಬೇಕಾಯಿತು.

ಎರಡೇ ಹಾಳೆ. ಒಂದು ತಪ್ಪಿಗೆ ಮಾತ್ರ ಜಾಗ.
ಏನು ಕೆಲಸ ಮಾಡತಿದ್ದಿ, ಸಾವಕಾಶ ಹೇಳು, ಅಂದೆ.

"ಉಸುಕು ಮುಷ್ಟ್ಯಾಗ ಹಿಚುಕಿ ಬಿಡಬೇಕ್ರಿ,
ಬೆರಳಿನ ಗುರುತು ನಿಂದರಬೇಕು.
ಮುರದರ ಎರಡ ತುಂಡು. ಪುಡಿ ಆತಂದ್ರ ನೀರು ಕಡಿಮಿ,
ಕೈಗೆ ಹತ್ತಿತಂದ್ರ ಹೆಚ್ಚು.
ಮಳಿಗಾಲದಾಗ ಬೆಳಗಾವಿ ಗಾಳೀನ ನೀರು ಹಾಕತೈತಿ,
ನಾವು ಹಾಕಬಾರದು.
ಆರಿದ ಮ್ಯಾಲೆ ಸುತ್ತಿಗಿಲೆ ಬಡದು ಕೇಳಬೇಕು.
ಬಿರುಕಿದ್ರ ಕಬ್ಬಿಣ ಕೆಮ್ಮತೈತ್ರಿ."

ನಾನು ಇಂಗ್ಲಿಷಿನಲ್ಲಿ ಹೊಡೆದದ್ದು:
ಮರಳು ಪರೀಕ್ಷೆ, ಅಚ್ಚು ತಯಾರಿಕೆ, ಗುಣಮಟ್ಟ ತಪಾಸಣೆ.
ಎರಡೂವರೆ ಸಾಲು.
ಅರ್ಥ ಹೇಳಿದೆ. "ಚಲೋ ಐತ್ರಿ," ಅಂದ,
ಬೇರೆ ಯಾರದೋ ಕೆಲಸದ ಬಗ್ಗೆ ಕೇಳಿದವನ ಹಾಗೆ.

ಐದು ತಿಂಗಳಿಗೆ ಪರವಾನಗಿ ಬಂತು. ಮೊಬೈಲಿನಲ್ಲಿ ತೋರಿಸಿದ.
ಆ ಭಾಷೆ ಅವನಿಗೂ ಬಾರದು, ನನಗೂ ಬಾರದು.
ಅವನ ಹೆಸರಷ್ಟೇ ಗುರುತು ಹತ್ತಿತು,
ಅದೂ ನಾಲ್ಕನೆಯ ಒಂದು ಕಾಗುಣಿತದಲ್ಲಿ.
"ಇರಲಿ ಬಿಡ್ರಿ," ಅಂದ.
ನಾನು ಅವನ ನಂಬರು ಬರೆದಿಟ್ಟುಕೊಂಡೆ,
ಇನ್ನೊಂದು ಅಫಿಡವಿಟ್ ಬೇಕಾದೀತು.

ಪೆನ್ಸಿಲಿನ ಹಾಳೆ ನನ್ನ ಡ್ರಾಯರಿನಲ್ಲೇ ಉಳಿದಿದೆ.
ಅದರ ಮಸಿ ಒಮ್ಮೊಮ್ಮೆ ಯಾರದೋ ಕರಾರಿಗೆ ಹತ್ತಿ
ವಕೀಲರಿಂದ ಬೈಸಿಕೊಳ್ಳುತ್ತೇನೆ.
ಸಂಜೆ ತಾಡಪತ್ರಿ ಕಟ್ಟುವಾಗ
ಬೈಕುಗಳು ಹಾದಂತೆಲ್ಲ
ರಸ್ತೆಯುದ್ದಕ್ಕೂ ಮುಚ್ಚಳಗಳು ದಡಲ್, ದಡಲ್.
ತಿರುವಿನದೊಂದು ಮಾತ್ರ
ಸಪ್ಪಳ ಮಾಡುವುದಿಲ್ಲ.